ಗರಡಿಯೂ ಗಾಲಿಯೂ

ಅರಳಗುಪ್ಪೆಯ ಹೆಸರು ಕೇಳಿದೊಡನೆ ಕಲಾಭಿಜ್ಞರಿಗೆ ಕಲ್ಲೇಶ್ವರ ದೇವಾಲಯದ ಒಳಮಾಳಿಗೆ ನೆನಪಾಗುತ್ತದೆ. ಒಂಬತ್ತನೆಯ ಶತಮಾನದ ಆ ನೊಳಂಬ ಶಿಲ್ಪದಲ್ಲಿ ನಟ್ಟನಡುವೆ ಶಿವ ಕುಣಿಯುತ್ತಿದ್ದಾನೆ. ಸುತ್ತಲೂ ಅಷ್ಟದಿಕ್ಪಾಲಕರು ನೆರೆದಿದ್ದಾರೆ. ಬಾಲ್ಯದಿಂದಲೂ ಅದನ್ನು ಕತ್ತೆತ್ತಿ ನೋಡುತ್ತ ಬಂದವನು ನಾನು. ಆದರೆ ಆ ನರ್ತನದಲ್ಲಿ ಕಾಲು ಭಾರ ಹೊತ್ತಿದೆ, ಸೊಂಟ ತಿರುಗಿದೆ, ತೋಳು ಚಾಚಿದೆ, ಇಡೀ ದೇಹ ಒಂದಾಗಿ ದುಡಿಯುತ್ತಿದೆ ಎಂಬುದು ನನಗೆ ಹೊಳೆದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಒಂದು ಅವಮಾನದ ಅನಂತರ. ಆ ಪ್ರಸಂಗವನ್ನೇ ಇಂದು ನಿಮ್ಮ ಮುಂದಿಡಬಯಸುತ್ತೇನೆ.

ನಾನು ಸೈಕಲ್ಲಿನ ಮನುಷ್ಯ. ಅಧ್ಯಾಪಕನಾಗಿದ್ದಾಗ ಅದು ಅನಿವಾರ್ಯವಾಗಿತ್ತು, ಮುಂದೆ ಚಟವಾಯಿತು. ತೆಂಗಿನ ತೋಟಗಳ ನಡುವೆ ತಿಪಟೂರು, ತುರುವೇಕೆರೆಗಳ ದಾರಿಯಲ್ಲಿ, ಚಿಕ್ಕನಾಯಕನಹಳ್ಳಿ ಬಳಿಯ ಮದಲಿಂಗನ ಕಣಿವೆಯ ಏರಿನಲ್ಲಿ ನಾನು ತುಳಿದ ಮೈಲಿಗಳಿಗೆ ಲೆಕ್ಕವಿಲ್ಲ. ಫ್ರಾನ್ಸಿನಲ್ಲಿ ಹುಟ್ಟಿದ 'ಬ್ರೆವೆ' ಎಂಬ ದೂರಯಾನದ ಪದ್ಧತಿ ಈಗ ನಮ್ಮಲ್ಲಿಯೂ ಬೇರೂರಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು ಇಪ್ಪತ್ತು ಗಂಟೆಯೊಳಗೆ ಮುಗಿಸಬೇಕು. ಗೆದ್ದವರು ಸೋತವರು ಎಂಬ ಭೇದವಿಲ್ಲ. ಮುಗಿಸಿದವರು, ಮುಗಿಸದವರು, ಇಷ್ಟೇ. ನಾನು ಎರಡನ್ನೂ ಮುಗಿಸಿದವನು. ನನ್ನ ಆರೋಗ್ಯದ ಬಗೆಗೆ ನನಗೆ ತಕ್ಕಷ್ಟು ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಒಂದು ಮುಂಜಾನೆ, ಎಂಬತ್ತನಾಲ್ಕರ ನನ್ನ ತಾಯಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಮೂಳೆ ಮುರಿದಿರಲಿಲ್ಲ, ಆದರೆ ಏಳಲಾಗಲಿಲ್ಲ. ನಾನು ಓಡಿಹೋಗಿ ಬಗ್ಗಿ ಎತ್ತಲು ಹೊರಟೆ. ಅರ್ಧ ಎತ್ತುವಷ್ಟರಲ್ಲಿ ಸೊಂಟದಲ್ಲಿ ಏನೋ ಚಳಕ್ಕೆಂದಿತು. ಅವರನ್ನು ಮತ್ತೆ ನೆಲದ ಮೇಲೆಯೇ ಕೂರಿಸಿ, ಗೋಡೆ ಹಿಡಿದು ನಿಂತೆ. ತಾಯಿ ತನ್ನ ನೋವನ್ನು ಮರೆತು, "ಬಿಡು ಮಗಾ, ನಿನಗೇನಾಯ್ತು?" ಎಂದು ನನ್ನನ್ನೇ ಕೇಳಿದರು. ಕೊನೆಗೆ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಹಿರಿಯರೊಬ್ಬರು ಬಂದು, ಮಗುವನ್ನೆತ್ತಿದಂತೆ ಅವರನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದರು. ಮುನ್ನೂರು ಕಿಲೋಮೀಟರು ತುಳಿದವನಿಗೆ ನಾಲ್ಕು ಹೆಜ್ಜೆ ತಾಯಿಯನ್ನು ಹೊರಲಾಗಲಿಲ್ಲ.

ನನ್ನ ಸೊಂಟವನ್ನು ನೋಡಿದ ವೈದ್ಯರು ವಿಷಯವನ್ನು ಬಿಡಿಸಿ ಹೇಳಿದರು. ಸೈಕಲ್ಲು ಹೃದಯಕ್ಕೆ, ಶ್ವಾಸಕೋಶಕ್ಕೆ, ತೊಡೆಗೆ ಒಳ್ಳೆಯದು. ಆದರೆ ದೇಹದ ಬಹುಪಾಲು ಭಾರವನ್ನು ಹೊರುವುದು ಸೀಟು. ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ, ನೆಲದ ಪೆಟ್ಟು ತಗುಲಿದಾಗ. ವರ್ಷಗಟ್ಟಲೆ ಸೈಕಲ್ಲನ್ನು ಮಾತ್ರ ತುಳಿದ ಸ್ಪರ್ಧಾಳುಗಳ ಬೆನ್ನೆಲುಬಿನ ಸಾಂದ್ರತೆ ಕಡಿಮೆಯಿರುವುದನ್ನು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ವಯಸ್ಸಾದಂತೆ ಮಾಂಸಖಂಡ ಕರಗುವುದು ಇದ್ದೇ ಇದೆ. ಒಂದೇ ಚಲನೆಯನ್ನು ಲಕ್ಷ ಸಲ ಮಾಡಿದ ದೇಹ ಆ ಚಲನೆಯಲ್ಲಿ ಪಂಡಿತ, ಉಳಿದದ್ದರಲ್ಲಿ ಪಾಮರ.

ನೋವು ಮಾಗಿದ ಮೇಲೆ ತಿಪಟೂರಿನ ಒಂದು ಜಿಮ್ಮಿಗೆ ಸೇರಿದೆ. ನನ್ನ ಶಿಷ್ಯರ ಮಕ್ಕಳ ವಯಸ್ಸಿನ ತರುಣನೊಬ್ಬ ಅಲ್ಲಿ ಗುರು. ಭಾರ ಎತ್ತು, ಪೆಟ್ಟಿಗೆಯ ಮೇಲೆ ಹಾರು, ಹಗ್ಗ ಬಡಿ, ನೆಲಕ್ಕೆ ಬಿದ್ದೇಳು. ಎಲ್ಲವೂ ಗಡಿಯಾರದ ಲೆಕ್ಕದಲ್ಲಿ, ಉಸಿರು ಕಟ್ಟುವ ರಭಸದಲ್ಲಿ. 2000ದಲ್ಲಿ ಅಮೆರಿಕದ ಗ್ರೆಗ್ ಗ್ಲಾಸ್‌ಮನ್ ಎಂಬಾತ 'ಕ್ರಾಸ್‌ಫಿಟ್' ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದ ಮಿಶ್ರ ಕಸರತ್ತಿನ ಛಾಯೆ ಇದು. ಆದರೆ ಅದನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಗರಡಿಮನೆ. ಕೆಮ್ಮಣ್ಣಿನ ಮಟ್ಟಿ, ದಂಡ, ಬಸ್ಕಿ, ಲೋಡು, ಗದೆ: ಎದೆಗೆ ಒಂದು, ತೊಡೆಗೆ ಒಂದು, ಭುಜಕ್ಕೆ ಒಂದು, ಕೊನೆಗೆ ಎಲ್ಲವನ್ನೂ ಕೂಡಿಸುವ ಕುಸ್ತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರ ವರ್ಗೀಕರಣ, ಆಹಾರ, ಅಭ್ಯಾಸಗಳನ್ನೆಲ್ಲ ವಿವರಿಸಿದ್ದಾನೆ.

ಸಾಹಿತ್ಯಪ್ರಿಯರಾದ ನಿಮಗೆ ಇನ್ನೊಂದು ಹೆಸರನ್ನು ಜ್ಞಾಪಿಸಬೇಕು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. 1930ರಲ್ಲಿಯೇ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಗ್ರಂಥ ಬರೆದವರು. ಸೂರ್ಯನಮಸ್ಕಾರ, ಆಸನಗಳನ್ನೂ ಪಾಶ್ಚಾತ್ಯರ ಭಾರ ಎತ್ತುವ ಪದ್ಧತಿಯನ್ನೂ ಅವರು ಒಂದೇ ಶಾಲೆಯಲ್ಲಿ ಕೂಡಿಸಿದರು. ಹೊಯ್ಸಳರ ರಾಣಿಯ ಕಥೆ ಬರೆದ ಕೈ ಕಬ್ಬಿಣವನ್ನೂ ಎತ್ತುತ್ತಿತ್ತು ಎಂಬುದು, ದೇಹ ಬೇರೆ ಬುದ್ಧಿ ಬೇರೆ ಎಂದು ನಂಬಿದ ನನ್ನಂಥ ಮೇಷ್ಟರಿಗೆ ಒಳ್ಳೆಯ ಪಾಠ.

ಇನ್ನು ರಭಸದ ಮಾತು. 1996ರಲ್ಲಿ ಜಪಾನಿನ ಇಜುಮಿ ತಬಾತ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಇಪ್ಪತ್ತು ಸೆಕೆಂಡು ಪ್ರಾಣ ಹೋಗುವಷ್ಟು ತುಳಿತ, ಹತ್ತು ಸೆಕೆಂಡು ವಿಶ್ರಾಂತಿ. ಹೀಗೆ ಏಳೆಂಟು ಆವೃತ್ತಿ. ಅಂದರೆ ನಾಲ್ಕೇ ನಿಮಿಷ. ಇನ್ನೊಂದು ಗುಂಪಿನವರು ದಿನಕ್ಕೆ ಒಂದು ಗಂಟೆ ಸಾಧಾರಣ ವೇಗದಲ್ಲಿ ತುಳಿದರು. ಆರು ವಾರಗಳ ಅನಂತರ ಎರಡು ಗುಂಪುಗಳಲ್ಲಿಯೂ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಿತ್ತು. ಆದರೆ ಆಮ್ಲಜನಕ ಸಾಲದಾದಾಗ ದುಡಿಯುವ ಶಕ್ತಿ ರಭಸದ ಗುಂಪಿನಲ್ಲಿ ಮಾತ್ರ ಶೇಕಡಾ 28ರಷ್ಟು ಏರಿತ್ತು. ಕಣಿವೆಯ ಕೊನೆಯ ಏರಿನಲ್ಲಿ ಒದಗಬೇಕಾದ ಶಕ್ತಿ ಇದೇ. ನಿಧಾನದ ದೂರಯಾನ ಇದನ್ನು ತಾನಾಗಿ ಕೊಡುವುದಿಲ್ಲ. ಹಾಗೆಂದು ನಾಲ್ಕು ನಿಮಿಷ ದಿನವಿಡೀ ಸವಾರಿಯ ಸ್ಥಾನವನ್ನು ತುಂಬಲಾರದು. ಅದು ಊಟಕ್ಕೆ ಉಪ್ಪು, ಊಟವಲ್ಲ.

ಈ ವಿವೇಕ ನನಗೆ ಮೊದಲೇ ಇರಲಿಲ್ಲ. ಎರಡನೆಯ ವಾರದಲ್ಲಿಯೇ ತರುಣರೊಡನೆ ಪಂತ ಕಟ್ಟಿ ದಂಡ ಹೊಡೆದೆ. ಮೂರು ದಿನ ಮೊಣಕೈ ಮಡಿಸಲಾಗದೆ ತಾಯಿಯ ಕೈಯಿಂದಲೇ ಅನ್ನ ತಿಂದೆ. ನಕ್ಕುಬಿಡುವ ಸಂಗತಿ ಇದಲ್ಲ. ಅತಿಯಾದ ಶ್ರಮದಿಂದ ಮಾಂಸಖಂಡ ಒಡೆದು ಅದರ ದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನೇ ಕೆಡಿಸುವುದುಂಟು. ಕಸರತ್ತಿನ ಅನಂತರ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಮಧ್ಯವಯಸ್ಸು ದಾಟಿದವರು ಹೃದಯವನ್ನು ಪರೀಕ್ಷಿಸಿಕೊಳ್ಳದೆ ರಭಸಕ್ಕೆ ಇಳಿಯಬಾರದು. ಈಗ ನಾನು ವಾರಕ್ಕೆ ಎರಡು ದಿನ ಭಾರ ಎತ್ತುತ್ತೇನೆ, ಒಂದು ದಿನ ರಭಸ, ಉಳಿದಂತೆ ನಿರಾತಂಕದ ಸವಾರಿ. ಒಂದು ದಿನ ಪೂರ್ಣ ವಿರಾಮ.

ಒಮ್ಮೆ ಆ ಕಾಯಿ ಸುಲಿಯುವ ಹಿರಿಯರಿಗೆ ಹೇಳಿದೆ: "ಅಣ್ಣಾ, ನಿಮ್ಮ ಮೈಯೇ ಗರಡಿ. ದುಡ್ಡು ಕೊಟ್ಟು ನಾನು ಮಾಡುವುದನ್ನು ನೀವು ದಿನವೂ ಮಾಡುತ್ತೀರಿ." ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ, ಮೂರು ಹೊರಳಿಗೆ ಸಿಪ್ಪೆ ಬಿಡಿಸುತ್ತಿದ್ದವರು ಕೈ ನಿಲ್ಲಿಸದೆಯೇ ಉತ್ತರಿಸಿದರು: "ಸಾಕಾದಾಗ ನೀವು ಬಿಡ್ತೀರ ಮೇಷ್ಟ್ರೇ. ನಮ್ಗೆ ಮೂಟೆ ತುಂಬಿದ್ರೇ ಸಾಕಾಗೋದು." ಅವರ ಮೊಣಕಾಲು ಊದಿಕೊಂಡಿದ್ದುದನ್ನು ಅಂದು ಮೊದಲ ಬಾರಿಗೆ ಗಮನಿಸಿದೆ. ವ್ಯಾಯಾಮ ಕಟ್ಟುವುದು ಶ್ರಮದ ಹೊತ್ತಿನಲ್ಲಲ್ಲ, ಅದರ ಅನಂತರದ ವಿಶ್ರಾಂತಿಯಲ್ಲಿ. ವಿಶ್ರಾಂತಿಯಿಲ್ಲದ ಶ್ರಮ ದೇಹವನ್ನು ಸವೆಸುತ್ತದೆ. ನಮ್ಮ ಉಂಡೆಕೊಬ್ಬರಿಯ ಅಟ್ಟಗಳನ್ನು ತುಂಬಿದ ಬೆನ್ನುಗಳನ್ನು ಹೊಗಳಿ ಸುಮ್ಮನಾಗುವುದು ಸುಲಭ. ಅಂದಿನಿಂದ ನಮ್ಮ ಮನೆಯ ಮೂಟೆಗಳನ್ನು ಅಟ್ಟಕ್ಕೇರಿಸುವಾಗ ಇನ್ನೊಂದು ತುದಿಗೆ ನಾನು ಕೈ ಕೊಡುತ್ತೇನೆ. ಇದರಿಂದ ಅವರ ಮೊಣಕಾಲು ನೆಟ್ಟಗಾಗುವುದಿಲ್ಲ, ಬಲ್ಲೆ.

ಕಳೆದ ಮಳೆಗಾಲದಲ್ಲಿ ತಾಯಿಗೆ ಜ್ವರ ಬಂದು ನಿತ್ರಾಣವಾಯಿತು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ನಾನೇ ಎತ್ತಿಕೊಂಡು ಹೋದೆ. ಗುರು ಕಲಿಸಿದಂತೆ ಮೊಣಕಾಲು ಬಗ್ಗಿಸಿ, ಬೆನ್ನು ನೇರವಾಗಿಟ್ಟು, ಭಾರವನ್ನು ಎದೆಗೆ ಹತ್ತಿರ ಹಿಡಿದೆ. ಮೊದಲ ಸಲ ಎತ್ತಿದಾಗ ಅವರು ಹೆದರಿ ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಿದ್ದರು. ಮೂರನೆಯ ದಿನ ಕೈ ಸಡಿಲವಾಗಿತ್ತು. ನನ್ನ ಭುಜದ ಮೇಲೆ ತಲೆಯಿಟ್ಟುಕೊಂಡು, ಅಂಗಳದಲ್ಲಿ ಕಾಯಿ ಎಷ್ಟು ಬಿದ್ದಿವೆ ಎಂದು ಎಣಿಸುತ್ತಿದ್ದರು.