ರಾಟೆ ತೊಟ್ಟಿಲು ಮತ್ತು ತರುಣರು

ಬೇಲೂರಿನಲ್ಲಿ ಚೆನ್ನಕೇಶವಸ್ವಾಮಿಯ ರಥೋತ್ಸವವು ಚೈತ್ರಮಾಸದಲ್ಲಿ ನಡೆಯುವುದಷ್ಟೆ. ಅಂತಹ ದೊಡ್ಡ ಜಾತ್ರೆಯ ಜನಸ್ತೋಮವನ್ನು ಸ್ವಲ್ಪ ದೂರದಲ್ಲಿ ನಿಂತು ನೋಡಿದವರಿಗೆ ಅದು ಎರಡು ಪ್ರವಾಹಗಳಾಗಿ ಹರಿಯುವುದು ಕಾಣುತ್ತದೆ. ಒಂದು ತೇರಿನ ಕಡೆಗೆ. ಮತ್ತೊಂದು, ಬತ್ತಾಸು, ಕಡಲೆಪುರಿ, ಬಳೆ, ಪೀಪಿಗಳ ಅಂಗಡಿಸಾಲನ್ನು ದಾಟಿ, ದೀಪಗಳನ್ನು ಹೊತ್ತು ಆಕಾಶದಲ್ಲಿ ಸುತ್ತುತ್ತಿರುವ ರಾಟೆ ತೊಟ್ಟಿಲಿನ ಕಡೆಗೆ. ಈ ಎರಡನೆಯ ಪ್ರವಾಹದಲ್ಲಿರತಕ್ಕವರು ಬಹುಮಟ್ಟಿಗೆ ಹದಿನೈದರಿಂದ ಇಪ್ಪತ್ತೈದು ವಯಸ್ಸಿನೊಳಗಿನವರು. ಅವರು ದೇವರನ್ನು ಮರೆತವರೆಂದು ನಾವು ಹೇಳುವುದಿಲ್ಲ. ದರ್ಶನವನ್ನು ಬೆಳಗ್ಗೆಯೇ ಮುಗಿಸಿರುತ್ತಾರೆ. ಆದರೆ ಸಾಯಂಕಾಲವು ತೊಟ್ಟಿಲಿಗೆ ಮೀಸಲು. ಕಾಸು ಕೊಟ್ಟು, ಸಾಲುನಿಂತು, ತಲೆ ತಿರುಗಿಸಿಕೊಂಡು, ಮುಖ ಬಿಳುಪೇರಿ ಕೆಳಗಿಳಿದು, ಮರುಕ್ಷಣವೇ ಮತ್ತೊಮ್ಮೆ ಕಾಸು ಕೊಡುವ ಈ ವ್ಯಾಪಾರದಲ್ಲಿ ಸುಖವೇನಿದೆ? ಹಿರಿಯರು ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಉತ್ತರವನ್ನು ಬಯಸದೆಯೇ ಕೇಳುತ್ತಾರೆ. ಉತ್ತರವುಂಟೆಂದು ನಮ್ಮ ಎಣಿಕೆ.

ಈ ವಿಷಯದಲ್ಲಿ ನಮ್ಮ ಭಾಷೆಯೇ ಹಿರಿಯರ ಪಕ್ಷವನ್ನು ವಹಿಸಿದೆ. 'ತಲೆ ತಿರುಗಿದೆಯೇನೋ' ಎಂದರೆ ಬೈಗುಳು. 'ಸುಮ್ಮನೆ ತಿರುಗುತ್ತಾನೆ' ಎಂದರೆ ಕೆಲಸಗೇಡಿ. ಆದರೆ ಅದೇ ಭಾಷೆಯನ್ನಾಡುವ ಮಕ್ಕಳನ್ನು ನೋಡಿರಿ. ಕಾಲು ಬಲಿತ ದಿನವೇ ಮಗುವು ಅಂಗಳದ ನಡುವೆ ಕೈ ಚಾಚಿ ತನ್ನನ್ನು ತಾನೇ ಸುತ್ತಿಕೊಂಡು ಬೀಳುತ್ತದೆ, ಎದ್ದು ನಗುತ್ತದೆ, ಮತ್ತೆ ಸುತ್ತುತ್ತದೆ. ಯಾರೂ ಕಲಿಸಿದ ವಿದ್ಯೆಯಲ್ಲ. ಸ್ವಲ್ಪ ದೊಡ್ಡವರಾದ ಹುಡುಗಿಯರ 'ಅಪ್ಪಾಲೆ ತಿಪ್ಪಾಲೆ' ಆಟವು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಇಬ್ಬರು ಕೈಗಳನ್ನು ಕತ್ತರಿಯಾಗಿ ಹಿಡಿದು, ಪಾದಗಳನ್ನು ಒಂದೆಡೆ ಕೂಡಿಸಿ, ಹಿಂದಕ್ಕೆ ಬಾಗಿ ಗಿರ್ರನೆ ಸುತ್ತುತ್ತಾರೆ. ಅಲ್ಲಿ ಒಬ್ಬಳ ಭಾರವು ಇನ್ನೊಬ್ಬಳ ಕೈಯಲ್ಲಿದೆ. ಕೈ ಬಿಟ್ಟರೆ ಇಬ್ಬರೂ ಬೀಳುತ್ತಾರೆ. ಬಿಡುವುದಿಲ್ಲವೆಂಬ ನಂಬಿಕೆಯಿಂದಲೇ ಇಬ್ಬರೂ ಹಿಂದಕ್ಕೆ ಬಾಗಬಲ್ಲರು. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಾವು ಹೇಳಬೇಕೆಂದಿರುವ ವಿಷಯದ ತಿರುಳು ಅಲ್ಲಿದೆ.

ಫ್ರೆಂಚ್ ವಿದ್ವಾಂಸ ರೋಜೆ ಕಾಯ್ವಾ ಎಂಬಾತನು 1958ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮನುಷ್ಯರ ಆಟಗಳನ್ನೆಲ್ಲ ನಾಲ್ಕಾಗಿ ವಿಂಗಡಿಸಿದನು: ಸ್ಪರ್ಧೆ, ಅದೃಷ್ಟ, ಅನುಕರಣ, ಮತ್ತು ತಲೆತಿರುಗು. ಕೊನೆಯದಕ್ಕೆ ಆತನು ಕೊಟ್ಟ ಹೆಸರು 'ಇಲಿಂಕ್ಸ್'. ಗ್ರೀಕ್ ಭಾಷೆಯಲ್ಲಿ ನೀರಿನ ಸುಳಿ ಎಂದರ್ಥ. ಚದುರಂಗದ ಪಕ್ಕದಲ್ಲಿ ರಾಟೆ ತೊಟ್ಟಿಲಿಗೂ ಒಂದು ಆಸನವನ್ನು ಹಾಕಿದ್ದು ಆ ಪಂಡಿತನ ಔದಾರ್ಯವೆಂದೇ ಹೇಳಬೇಕು.

ಸುಳಿ ಎಂಬ ಮಾತು ದೇಹದ ಮಟ್ಟಿಗೆ ಬರಿಯ ಉಪಮೆಯಲ್ಲ. ನಮ್ಮ ಒಳಗಿವಿಯಲ್ಲಿ, ಕಿವಿಗೆ ಮೂರರಂತೆ, ಅರ್ಧವೃತ್ತಾಕಾರದ ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ದ್ರವವೂ, ಆ ದ್ರವದ ಅಲುಗಾಟವನ್ನು ಅರಿಯುವ ರೋಮಕೋಶಗಳೂ ಇವೆ. ತಲೆ ತಿರುಗಲಾರಂಭಿಸಿದಾಗ ದ್ರವವು ಹಿಂದುಳಿದು ರೋಮಗಳನ್ನು ಬಾಗಿಸುತ್ತದೆ. ನಾವು ತಿರುಗುತ್ತಿದ್ದೇವೆಂದು ಮಿದುಳಿಗೆ ತಿಳಿಯುತ್ತದೆ. ಒಂದೇ ವೇಗದಲ್ಲಿ ಕೊಂಚ ಹೊತ್ತು ಸುತ್ತಿದರೆ ದ್ರವವು ಕೊಳವೆಯನ್ನು ಹಿಡಿದುಕೊಳ್ಳುತ್ತದೆ; ಕಣ್ಣು ಮುಚ್ಚಿದ್ದವನಿಗೆ ತಾನು ನಿಂತೇ ಇರುವೆನೆನ್ನಿಸುತ್ತದೆ. ಯಂತ್ರವು ನಿಂತೊಡನೆ ದ್ರವವು ಮಾತ್ರ ನಿಲ್ಲದೆ ಮುಂದುವರಿದು, ಜಗತ್ತೆಲ್ಲ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತಿರುವಂತೆ ಭ್ರಮೆ ಹುಟ್ಟಿಸುತ್ತದೆ. ಈ ಅಂಗದ ವ್ಯಾಪಾರವನ್ನು ಪರಿಶೋಧಿಸಿದ ರಾಬರ್ಟ್ ಬಾರಾನಿ ಎಂಬ ವೈದ್ಯನಿಗೆ 1914ರ ನೊಬೆಲ್ ಬಹುಮಾನವು ದೊರೆಯಿತು. ವಯಸ್ಸು ಏರಿದಂತೆಲ್ಲ ಈ ರೋಮಕೋಶಗಳು ಕ್ಷೀಣಿಸುತ್ತವೆ. ನಲವತ್ತು ದಾಟಿದ ನಮ್ಮಂಥವರು ತೊಟ್ಟಿಲಿಗೆ ಒಡ್ಡುವ ತಾತ್ತ್ವಿಕ ಆಕ್ಷೇಪಣೆಗಳಲ್ಲಿ ಕೆಲವು ನಿಜವಾಗಿ ಹೊಟ್ಟೆಯೊಳಗಣ ತೊಳಸಾಟದಿಂದ ಹುಟ್ಟಿದವೆಂಬ ಸಂಶಯ ನಮಗುಂಟು.

ಆದರೆ ಕಿವಿಯೊಂದೇ ಇದಕ್ಕೆ ಕಾರಣವಲ್ಲ. ಮೂವತ್ತು ಅಡಿ ತ್ರಿಜ್ಯದ ಒಂದು ತೊಟ್ಟಿಲು ಹತ್ತು ಸೆಕೆಂಡಿಗೆ ಒಂದು ಸುತ್ತು ಸುತ್ತುವುದೆಂದಿಟ್ಟುಕೊಳ್ಳಿರಿ. ಲೆಕ್ಕ ಹಾಕಿದರೆ, 60 ಕಿಲೋಗ್ರಾಂ ತೂಕದ ಹುಡುಗನಿಗೆ ಶಿಖರದಲ್ಲಿ ತನ್ನ ತೂಕವು ಸುಮಾರು 38 ಎನ್ನಿಸುತ್ತದೆ. ತಳದಲ್ಲಿ 82 ಎನ್ನಿಸುತ್ತದೆ. ಹತ್ತು ಸೆಕೆಂಡುಗಳೊಳಗೆ ಒಬ್ಬನೇ ಮನುಷ್ಯನು ಹಗುರವೂ ಆಗಿ ಭಾರವೂ ಆಗಿ, ಮತ್ತೆ ಹಗುರವಾಗುತ್ತಾನೆ. ಹೊಟ್ಟೆಯು ಬಾಯಿಗೆ ಬಂದಂತಾಗುವುದು ಶಿಖರದಿಂದ ಇಳಿಯತೊಡಗಿದ ಆ ಕ್ಷಣದಲ್ಲಿ. ಅಲ್ಲಿಯೇ ಎಲ್ಲರೂ ಕೂಗುವುದು.

ಆ ಕೂಗಿನ ವಿಚಾರವಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಹದಿನೆಂಟು ವಯಸ್ಸಿನ ಹುಡುಗಿಗೆ ಗಟ್ಟಿಯಾಗಿ ನಗುವುದಕ್ಕೇ ಅಡ್ಡಿಯುಂಟು. ಕೂಗುವ ಮಾತಂತೂ ದೂರ. ರಾಟೆ ತೊಟ್ಟಿಲಿನ ನೆತ್ತಿಯಲ್ಲಿ ಅವಳು ಮನಸಾರೆ ಕೂಗಬಹುದು. ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ತಪ್ಪೆಣಿಸುವುದಿಲ್ಲ. ಮೇಲಾಗಿ, ದಿನವೂ ಕತ್ತೆತ್ತಿ ನೋಡುವ ಗೋಪುರವನ್ನೂ ತೆಂಗಿನ ತಲೆಗಳನ್ನೂ ಅವಳು ಅಲ್ಲಿ ಸಮಮಟ್ಟದಲ್ಲಿ ಕಾಣುತ್ತಾಳೆ. ತನ್ನ ಬೀದಿಯು ಎಷ್ಟು ಚಿಕ್ಕದೆಂಬುದನ್ನು ಆ ಎತ್ತರದಿಂದ ಒಮ್ಮೆ ಕಂಡವಳಿಗೆ ಅದನ್ನು ಮರೆಯುವುದು ಕಷ್ಟ. ತೊಟ್ಟಿಲಿನ ಮೇಲೆ ಕೆಲವು ತಾಯಿತಂದೆಗಳಿಗಿರುವ ಸಿಟ್ಟಿಗೆ ಇದೂ ಒಂದು ಕಾರಣವಾಗಿರಬಹುದು.

ಈಚಿನ ದಶಕಗಳಲ್ಲಿ ಬಂದಿರುವ ಯಂತ್ರಗಳು ಇನ್ನೂ ಚಮತ್ಕಾರದವು. 'ಬ್ರೇಕ್ ಡ್ಯಾನ್ಸ್' ಎಂಬುದರಲ್ಲಿ ದೊಡ್ಡ ವೇದಿಕೆಯೊಂದು ಸುತ್ತುತ್ತದೆ; ಅದರ ಮೇಲೆ ಸಣ್ಣ ಚಕ್ರಗಳು ಬೇರೆಯಾಗಿ ಸುತ್ತುತ್ತವೆ; ಆ ಚಕ್ರಗಳ ಮೇಲೆ ಕುಳಿತವನ ಆಸನವು ತನ್ನಿಷ್ಟಬಂದಂತೆ ತಿರುಗುತ್ತದೆ. ಇದರ ಹಿರಿಯ ಬಂಧುವೆನ್ನಬಹುದಾದ 'ಟಿಲ್ಟ್-ಎ-ವರ್ಲ್' ಎಂಬ ಯಂತ್ರವನ್ನು 1926ರಲ್ಲಿ ಅಮೆರಿಕದ ಹರ್ಬರ್ಟ್ ಸೆಲ್ನರ್ ರಚಿಸಿದನು. ಇಬ್ಬರು ಭೌತಶಾಸ್ತ್ರಜ್ಞರು 1994ರಲ್ಲಿ ಅದರ ಚಲನೆಯನ್ನು ಗಣಿತಕ್ಕೆ ಒಳಪಡಿಸಿ, ಆಸನವು ಮುಂದಿನ ಕ್ಷಣದಲ್ಲಿ ಯಾವ ಕಡೆಗೆ ಹೊರಳುವುದೆಂಬುದನ್ನು ಮುಂದಾಗಿ ಹೇಳಲಾಗದೆಂದು ತೋರಿಸಿದರು. ಕುಳಿತವರ ತೂಕದಲ್ಲಿ ಅಲ್ಪ ವ್ಯತ್ಯಾಸವಾದರೂ ಸಾಕು, ಎಲ್ಲವೂ ಬೇರೆಯಾಗುತ್ತದೆ. ಬೆಳಗ್ಗೆ ಏಳುವ ಹೊತ್ತಿನಿಂದ ಪರೀಕ್ಷೆಯ ವೇಳಾಪಟ್ಟಿಯವರೆಗೆ ಸಮಸ್ತವೂ ಮುಂದಾಗಿ ನಿಶ್ಚಯವಾಗಿರುವ ಜೀವನವುಳ್ಳ ವಿದ್ಯಾರ್ಥಿಯು ಮೂರು ನಿಮಿಷಗಳ ಅನಿಶ್ಚಯಕ್ಕೆ ಹಣ ಕೊಟ್ಟರೆ ಆಶ್ಚರ್ಯವೇನು?

ಇದು ಪಶ್ಚಿಮದಿಂದ ಬಂದ ಚಾಪಲ್ಯವೆಂದು ಭಾವಿಸುವವರೂ ಉಂಟು. ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 1893ರಲ್ಲಿ ಷಿಕಾಗೋ ವಸ್ತುಪ್ರದರ್ಶನದಲ್ಲಿ 264 ಅಡಿ ಎತ್ತರದ ಉಕ್ಕಿನ ಚಕ್ರವನ್ನು ನಿಲ್ಲಿಸಿ, 36 ಪೆಟ್ಟಿಗೆಗಳಲ್ಲಿ ಜನರನ್ನು ಸುತ್ತಿಸಿದ್ದು ನಿಜ. ಆದರೆ ಅದಕ್ಕೆ ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, 1620ರಲ್ಲಿ, ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿಯು (ಈತನು ಮುಂದೆ ನಮ್ಮ ದೇಶಕ್ಕೂ ಬಂದನು) ತುರ್ಕರ ರಾಜ್ಯದ ಒಂದು ಪಟ್ಟಣದಲ್ಲಿ ಮರದ ತಿರುಗುಚಕ್ರವನ್ನು ಕಂಡು ವರ್ಣಿಸಿದ್ದಾನೆ. ನಮ್ಮ ಜಾತ್ರೆಗಳಲ್ಲಿ ಬಹುಕಾಲ ನಡೆದದ್ದು ಅಂತಹ ಮರದ ತೊಟ್ಟಿಲೇ: ನಾಲ್ಕು ಪೆಟ್ಟಿಗೆಗಳು, ಅಚ್ಚಿನ ಬಳಿ ಹತ್ತಿ ಮೈಭಾರದಿಂದ ಅಡ್ಡೆಗಳನ್ನು ಎಳೆದು ಸುತ್ತಿಸುವ ಒಬ್ಬಿಬ್ಬರು ಆಳುಗಳು. ಎಣ್ಣೆಯಿಲ್ಲದ ಅಚ್ಚಿನ ಕಿರುಗುಟ್ಟುವಿಕೆಯು ಊರಾಚೆಗೂ ಕೇಳಿಸುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ, ಗ್ರಾಮದೇವತೆಗಳ ಜಾತ್ರೆಯ ಸಿಡಿ ಇದೆ. ಎತ್ತರದ ಕಂಬದ ಮೇಲೆ ಅಡ್ಡಲಾಗಿ ತಿರುಗುವ ತೊಲೆ; ಅದರ ತುದಿಗೆ ಹರಕೆ ಹೊತ್ತವನನ್ನು ಬೆನ್ನಿಗೆ ಕೊಕ್ಕೆ ಸಿಕ್ಕಿಸಿ ತೂಗಹಾಕಿ ಸುತ್ತಿಸುತ್ತಿದ್ದರು. ಆ ಕ್ರೌರ್ಯವು ಕಾಲಕ್ರಮದಲ್ಲಿ ಅಡಗಿತು. ಸಿಡಿಯ ಹೆಸರು ಮಾತ್ರ ಮಳವಳ್ಳಿಯ ಸಿಡಿಹಬ್ಬದಂತಹ ಉತ್ಸವಗಳಲ್ಲಿ ಉಳಿದುಬಂದಿದೆ. ಆಕಾಶದಲ್ಲಿ ಸುತ್ತಿ ಬರುವುದು ಅಂದು ಹರಕೆಯಾಗಿತ್ತು, ಇಂದು ವಿನೋದವಾಗಿದೆ. ಈ ಮಾರ್ಪಾಟಿನಲ್ಲಿ ನಮ್ಮ ಜನ ಕೆಟ್ಟರೆಂದು ನಮಗೆ ತೋರುವುದಿಲ್ಲ.

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳನ್ನು ನೋಡಿಕೊಂಡು ಬರುವ ಪ್ರವಾಸಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದ ಅಧ್ಯಾಪಕರೆಲ್ಲರದೂ ಒಂದೇ ದೂರು: ಹುಡುಗರು ಶಿಲ್ಪದ ಮುಂದೆ ಆಕಳಿಸುತ್ತಾರೆ, ದಾರಿಯಲ್ಲಿ ಜಾತ್ರೆಯ ತೊಟ್ಟಿಲು ಕಂಡರೆ ಜಿಗಿಯುತ್ತಾರೆ. ತೊಟ್ಟಿಲನ್ನು ಮುಂದಿಟ್ಟುಕೊಂಡೇ ಶಿಲ್ಪವನ್ನು ತೋರಿಸಬಹುದೆಂಬುದು ನಮ್ಮ ಅನುಭವ. ಅರಸೀಕೆರೆಯ ಈಶ್ವರ ದೇವಾಲಯವು ಸುಮಾರು 1220ರದು; ಅದರ ಮುಖಮಂಟಪವು ಹದಿನಾರು ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಬರೆದು, ಕೇಂದ್ರವನ್ನು ಬಿಡದೆ ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ ಬರೆದರೆ ಹದಿನಾರು ಮೂಲೆಗಳು ತಾವಾಗಿಯೇ ಬರುತ್ತವೆ. ಬೇಲೂರು ಹಳೇಬೀಡುಗಳ ದುಂಡು ಕಂಬಗಳನ್ನು ಗಣಿಯಿಂದ ಬಂದಾಗ ಮೆತ್ತಗಿರುವ ಬಳಪದ ಕಲ್ಲಿನಲ್ಲಿ ಮಾಡಿದ್ದಾರೆ. ಕಲ್ಲನ್ನು ತಿರುಗಿಸಿ ಉಳಿ ಹಿಡಿದು ಕಡೆದ ಬಳೆಗಳು ಅವುಗಳ ಮೈಮೇಲೆ ಇಂದೂ ಹೊಳೆಯುತ್ತವೆ. ಬೇಲೂರಿನ ನವರಂಗದಲ್ಲಿರುವ ನರಸಿಂಹ ಕಂಬವು ಒಂದು ಕಾಲದಲ್ಲಿ ನಿಂತಲ್ಲಿಯೇ ತಿರುಗುತ್ತಿತ್ತೆಂದು ಜನ ಹೇಳುವುದುಂಟು. ಆ ಮಾತು ಹೇಗಾದರೂ ಇರಲಿ, ಅದನ್ನು ಕೇಳಿದೊಡನೆ ಆಕಳಿಸುತ್ತಿದ್ದ ಹುಡುಗರು ಕಂಬದ ಬುಡವನ್ನು ಬಗ್ಗಿ ನೋಡುತ್ತಾರೆ. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ, ಆನೆ ಸಿಂಹಗಳ ಪಟ್ಟಿಕೆಗಳ ಮೇಲೆ, ಕುದುರೆ ಸವಾರರು ಗೋಡೆಯನ್ನು ಹಿಡಿದು ಮೂಲೆ ಮೂಲೆ ತಿರುಗಿ ಓಡುತ್ತಿದ್ದಾರೆ. ಜಾತ್ರೆಯ ಮರದ ಕುದುರೆಗಳನ್ನು ಹತ್ತಿದವರಿಗೆ ಅವರ ಪರಿಚಯ ಮಾಡಿಕೊಡುವುದು ಕಷ್ಟವಲ್ಲ. ಬೇಲೂರು ಹಳೇಬೀಡುಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವೆಂಬ ಹೆಮ್ಮೆಯ ಸಂಗತಿಯನ್ನು ಆಮೇಲೆ ಹೇಳಿದರೂ ನಡೆಯುತ್ತದೆ.

ಈಗ ಅಪ್ಪಾಲೆ ತಿಪ್ಪಾಲೆಗೆ ಬರೋಣ. ತೊಟ್ಟಿಲಿನಲ್ಲಿ ಕುಳಿತ ತರುಣನು ಬಯಸುವುದು ಅಪಾಯವನ್ನಲ್ಲ. ಅಪಾಯವೇ ಬೇಕಾಗಿದ್ದರೆ ಬಾವಿಯ ಕಟ್ಟೆ ಸಾಕಾಗಿತ್ತು. ಅವನು ಬಯಸುವುದು, ತನ್ನ ಮೈಯ ಯಜಮಾನಿಕೆಯನ್ನು ಕೆಲವು ನಿಮಿಷ ಬೇರೊಬ್ಬರಿಗೆ ಒಪ್ಪಿಸಿ, ಅದನ್ನು ಸುರಕ್ಷಿತವಾಗಿ ಹಿಂದಕ್ಕೆ ಪಡೆಯುವುದನ್ನು. ಕೈ ಹಿಡಿದ ಗೆಳತಿಯ ಜಾಗದಲ್ಲಿ ಇಲ್ಲಿ ಒಂದು ಕಬ್ಬಿಣದ ಅಚ್ಚು, ಕೆಲವು ಬೋಲ್ಟುಗಳು, ಸನ್ನೆಯ ಬಳಿ ನಿಂತ ಅಪರಿಚಿತನೊಬ್ಬ. ಅವನ ಮುಖವನ್ನು ಹತ್ತುವವರು ನೋಡುವುದಿಲ್ಲ, ಹೆಸರನ್ನು ಕೇಳುವುದಿಲ್ಲ. ಆ ನಂಬಿಕೆಯು ಎಷ್ಟು ಸಂಪೂರ್ಣವೋ ಅಷ್ಟೇ ಕುರುಡು.

ಹಿರಿಯರಾದವರ ಕೆಲಸ ಇಲ್ಲಿ ಮೊದಲಾಗುತ್ತದೆಯೆಂದು ನಾವು ತಿಳಿಯುತ್ತೇವೆ. ತೊಟ್ಟಿಲನ್ನು ಹಳಿಯುವವರು ಬಹಳ ಮಂದಿ. ಅದರ ಆಧಾರವನ್ನು ಬಗ್ಗಿ ನೋಡಿದವರು ಕಡಮೆ. ಈ ಯಂತ್ರಗಳು ಒಂದು ಜಾತ್ರೆಯಲ್ಲಿ ಕಳಚಿ, ಲಾರಿಯಲ್ಲಿ ಹೇರಿ, ಮತ್ತೊಂದು ಊರಿನಲ್ಲಿ ಒಂದೆರಡು ದಿನಗಳೊಳಗೆ ಜೋಡಿಸತಕ್ಕವು. ಪ್ರತಿಯೊಂದು ಜೋಡಣೆಯಲ್ಲಿಯೂ ಅವೇ ಬೋಲ್ಟುಗಳು ಬಿಗಿಯಲ್ಪಡುತ್ತವೆ, ಸಡಿಲಿಸಲ್ಪಡುತ್ತವೆ. ಉಕ್ಕು ಹೀಗೆ ಸಾವಿರಾರು ಸಲ ಭಾರವನ್ನು ಹೊತ್ತಿಳಿಸಿ, ಹೊರಗೆ ಕಾಣದ ಬಿರುಕಿನಿಂದ ಬಳಲುತ್ತದೆ. ಬಣ್ಣ ಬಳಿದರೆ ಬಿರುಕು ಮುಚ್ಚುತ್ತದೆ, ಹೋಗುವುದಿಲ್ಲ. ಬಳಲಿಕೆಯು ಮನುಷ್ಯರಿಗೂ ಉಂಟು. ಸನ್ನೆಯ ಬಳಿ ನಿಂತವನು ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಒಬ್ಬನೇ ನಿಂತಿದ್ದರೆ, ಅವನಿಗೂ ತಲೆ ತಿರುಗುವುದು ಸಹಜ. ಅನುಮತಿಪತ್ರವನ್ನು ಕೊಡುವ ಅಧಿಕಾರಿಯು ಕಾಗದವನ್ನು ಓದಿದರೆ ಸಾಲದು. ಜೋಡಣೆಯಾದ ಮೇಲೆ, ಮೊದಲನೆಯ ಗಿರಾಕಿಯು ಹತ್ತುವುದಕ್ಕೆ ಮುಂಚೆ, ತಿಳಿದ ಎಂಜಿನಿಯರೊಬ್ಬನನ್ನು ಕರೆತಂದು, ಮರಳಿನ ಮೂಟೆಗಳನ್ನು ಹೇರಿ ಸುತ್ತಿಸಿ ನೋಡಬೇಕು. ಇದಕ್ಕೆ ತಗಲುವುದು ಅರ್ಧ ದಿನ.

ಚೈತ್ರದ ಜಾತ್ರೆಗಳಲ್ಲಿ ನೆಲವಾದರೂ ಒಣಗಿರುತ್ತದೆ. ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ರಥೋತ್ಸವವು ಆಷಾಢಮಾಸದಲ್ಲಿ ನಡೆಯತಕ್ಕದ್ದು. ಅದು ಮಳೆಯ ಕಾಲ. ಹೊಸದಾಗಿ ಮದುವೆಯಾದ ದಂಪತಿಗಳು ಅಲ್ಲಿಗೆ ಹೆಚ್ಚಾಗಿ ಬರುತ್ತಾರೆ. ಅಂತಹ ಜಾತ್ರೆಯಲ್ಲಿ ತೊಟ್ಟಿಲಿನ ಕಾಲುಗಳನ್ನು ಊರುವುದು ಮರದ ದಿಮ್ಮಿಗಳ ಮೇಲೆ, ದಿಮ್ಮಿಗಳನ್ನು ಇಡುವುದು ಹಸಿಮಣ್ಣಿನ ಮೇಲೆ. ಒಂದು ರಾತ್ರಿಯ ಮಳೆಗೆ ಒಂದು ಕಾಲಿನ ಕೆಳಗಣ ಮಣ್ಣು ಎರಡು ಅಂಗುಲ ಕುಸಿದರೆ ನೆತ್ತಿಯಲ್ಲಿರುವ ಪೆಟ್ಟಿಗೆ ಎಷ್ಟು ವಾಲುವುದೆಂಬುದನ್ನು ನಮ್ಮ ಕಾಲೇಜಿನ ಮೊದಲನೆಯ ವರ್ಷದ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಮಳೆ ನಿಂತ ಬೆಳಗ್ಗೆ ಆ ದಿಮ್ಮಿಗಳ ಮೇಲೆ ರಸಮಟ್ಟವನ್ನು ಇಟ್ಟು ನೋಡುವವರು ಯಾರೆಂಬುದನ್ನು ಜಾತ್ರೆಯ ಸಮಿತಿಯವರು ತೇರಿನ ಹಗ್ಗವನ್ನು ಪರೀಕ್ಷಿಸುವ ದಿನವೇ ಗೊತ್ತುಮಾಡಿಡಬೇಕು.