ಕಾಯಕ ಮತ್ತು ಕೂಲಿ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಗಣಕಯಂತ್ರದ ಮುಂದೆ ಕುಳಿತವನು ಮಾಡುವುದೂ ಹೊರದೇಶದವರ ಕೆಲಸ. ಗಾರ್ಮೆಂಟ್ಸ್‌ನಲ್ಲಿ ಕುಳಿತ ತಾಯಿ ಹೊಲಿಯುವುದೂ ಹೊರದೇಶದವರ ಅಂಗಿ. ಸಂಬಳಕ್ಕೆ ಮಾತ್ರ ಅಜಗಜಾಂತರ! ಏಕೆ? ಹೊಲಿಗೆ ಬಲ್ಲ ಕೈಗಳು ಢಾಕಾದಲ್ಲಿಯೂ ಉಂಟು, ಇನ್ನೂ ಅಗ್ಗಕ್ಕೆ ಉಂಟು. 2005ರಲ್ಲಿ ಜವಳಿ ವ್ಯಾಪಾರದ ಕೋಟಾ ಹೋದ ಮೇಲಂತೂ ಕೊಳ್ಳುವವನಿಗೆ ತಡೆಯೇ ಇಲ್ಲ. ಕೂಲಿ ಹೆಚ್ಚು ಕೇಳಿದರೆ ಆರ್ಡರು ಅತ್ತ ಹೋದೀತೆಂದು ಮಾಲೀಕ ಹೆದರಿಸುತ್ತಾನೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ, ಅದೇ ಕಷ್ಟ.

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಾವು ಈ ಪೀಠದಿಂದ ಹೇಳುತ್ತಲೇ ಬಂದೆವು. ಕೂಲಿಯ ಮೇಲುಕೀಳನ್ನು ಕೇಳಲಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ತಡೆಹಿಡಿಯುವ ನಿಯಮದ ವಿರುದ್ಧ ಆ ತಾಯಂದಿರು ಸಾವಿರಾರು ಮಂದಿ ಬೀದಿಗಿಳಿದರು. ಸರ್ಕಾರ ನಿಯಮವನ್ನು ಹಿಂತೆಗೆಯಿತು. ನಾವು ಆ ದಿನ ಮಠದಲ್ಲಿಯೇ ಕುಳಿತಿದ್ದೆವು. ದಾಸೋಹದ ಅಕ್ಕಿಯಲ್ಲಿ ಅವರ ಕೂಲಿಯೂ ಇತ್ತು.