ಚೆಂಡಿನ ಪಾರ್ಶ್ವಭ್ರಮಣ



ಹಸಿರು ಬಟ್ಟೆ ಹೊದಿಸಿದ ಮೇಜಿನ ಮೇಲೆ ಬಿಳಿಯ ಚೆಂಡೊಂದನ್ನಿರಿಸಿ, ಅದರ ನಟ್ಟನಡುವಿಗೆ ಕ್ಯೂ ಕೋಲಿನ ತುದಿಯಿಂದ ಹೊಡೆದರೆ ಅದು ಹೊಡೆದ ದಿಕ್ಕಿಗೆ ನೇರವಾಗಿ ಓಡುವುದೆಂಬುದನ್ನು ತಿಳಿಯಲು ಯಾರ ಉಪದೇಶವೂ ಬೇಕಿಲ್ಲ. ಆದರೆ ನಡುವಿನಿಂದ ಅರೆಬೆರಳಿನಷ್ಟು ಎಡಕ್ಕೋ ಬಲಕ್ಕೋ ಸರಿದು ಹೊಡೆದಾಗ ಅದೇ ಚೆಂಡು ಮುಂದೆ ಸಾಗುತ್ತಲೇ ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗತೊಡಗಿ, ಮೇಜಿನಂಚಿನ ಕುಶನ್ನಿಗೆ ತಾಗಿದೊಡನೆ ನಾವೆಣಿಸಿದ ಕೋನವನ್ನು ಬಿಟ್ಟು ಬೇರೊಂದು ದಾರಿ ಹಿಡಿಯುವುದಲ್ಲ, ಅದನ್ನು ಸ್ವಾಧೀನಪಡಿಸಿಕೊಳ್ಳಲು ಮಾತ್ರ ಮನುಷ್ಯನಿಗೆ ಮುನ್ನೂರು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಪೂಲ್, ಬಿಲಿಯರ್ಡ್ಸ್, ಸ್ನೂಕರ್ ಆಡುವವರು ಚುಟುಕಾಗಿ ‘ಸೈಡ್’ ಎನ್ನುವ ಈ ಪಾರ್ಶ್ವಭ್ರಮಣ ಬಂದ ಬಗೆಯನ್ನೂ, ಅದನ್ನು ಯಾವಾಗ, ಏಕೆ ಬಳಸಬೇಕೆಂಬುದನ್ನೂ ಇಂದು ನಿಮ್ಮೆದುರಿಗಿಡುವೆನು.

15ನೆಯ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರು ಹುಲ್ಲುಹಾಸಿನ ಮೇಲಿನ ಆಟವೊಂದನ್ನು ಮನೆಯೊಳಗಿನ ಮೇಜಿಗೇರಿಸಿದರು. ಹನ್ನೊಂದನೆಯ ಲೂಯಿ ದೊರೆಯ ಬಳಿ ಅಂಥದೊಂದು ಮೇಜಿದ್ದಿತು. ಆಗಿನ ಉಪಕರಣ ನಾವೀಗ ಕಾಣುವ ಕ್ಯೂ ಅಲ್ಲ, ತುದಿಯಲ್ಲಿ ದಪ್ಪ ಮರದ ತಲೆಯುಳ್ಳ ದಾಂಡು. ಅದರಿಂದ ಚೆಂಡನ್ನು ಹೊಡೆಯುವುದಕ್ಕಿಂತ ನೂಕುತ್ತಿದ್ದರೆಂದರೆ ಸರಿಯಾದೀತು. ಚೆಂಡು ಅಂಚಿಗೊರಗಿ ನಿಂತಾಗ ದಪ್ಪ ತಲೆ ಅಲ್ಲಿಗೆ ಎಟುಕದೆ, ದಾಂಡನ್ನು ತಿರುಗಿಸಿ ಅದರ ತೆಳ್ಳನೆಯ ಹಿಡಿಯಿಂದ ಹೊಡೆಯುವ ರೂಢಿ ಬಂದಿತು. ಕ್ರಮೇಣ ಹಿಡಿಯೇ ಮುಖ್ಯವಾಗಿ ತಲೆ ಮರೆಯಾಯಿತು. ಆದರೂ ಬರಿಯ ಮರದ ತುದಿ ನುಣುಪಾದ ದಂತದ ಚೆಂಡಿನ ಬದಿಗೆ ತಾಗಿದರೆ ಜಾರದೆ ಇನ್ನೇನಾದೀತು? ಸುಣ್ಣ ಬಳಿದ ಗೋಡೆಗೆ ಕ್ಯೂ ತುದಿಯನ್ನೊತ್ತಿ ತಿರುವಿ, ಅಂಟಿದ ಪುಡಿಯ ಬಲದಿಂದ ಆಡುತ್ತಿದ್ದರೆಂದು ಹೇಳುತ್ತಾರೆ. ಅಂಥ ಮನೆಗಳ ಯಜಮಾನರು ಏನೆಂದುಕೊಂಡರೋ!

ಈ ತೊಡಕನ್ನು ಬಿಡಿಸಿದವನು ಸೆರೆಮನೆಯಲ್ಲಿದ್ದವನು. 1771ರಲ್ಲಿ ಹುಟ್ಟಿದ ಫ್ರಾನ್ಸ್ವಾ ಮೆಂಗೋ ಎಂಬ ಫ್ರೆಂಚ್ ಪದಾತಿದಳದ ಅಧಿಕಾರಿ ರಾಜಕೀಯ ಕಾರಣಗಳಿಂದ ಪ್ಯಾರಿಸಿನಲ್ಲಿ ಬಂಧಿತನಾಗಿದ್ದಾಗ, ಅಲ್ಲಿದ್ದ ಬಿಲಿಯರ್ಡ್ಸ್ ಮೇಜಿನ ಮೇಲೆ ದಿನಗಳನ್ನು ಕಳೆಯುತ್ತ, ಕ್ಯೂವಿನ ತುದಿಗೆ ದುಂಡನೆಯ ಚರ್ಮದ ಬಿಲ್ಲೆಯನ್ನು ಅಂಟಿಸುವ ಉಪಾಯವನ್ನು ಪರಿಪಕ್ವಗೊಳಿಸಿದನು. ಬಿಡುಗಡೆಯ ಹೊತ್ತು ಬಂದಾಗ ತನ್ನ ಅಭ್ಯಾಸ ಮುಗಿಯಲಿಲ್ಲವೆಂದು ಇನ್ನಷ್ಟು ಕಾಲ ಒಳಗಿರಲು ಅನುಮತಿ ಬೇಡಿದನೆಂಬ ಕಥೆಯೂ ಇದೆ. ನಿಜವಾಗಿರಲಿ ಬಿಡಲಿ, ಆಟದ ಹುಚ್ಚು ಹತ್ತಿದವರನ್ನು ಕಂಡವರಿಗೆ ಅದು ಅಸಂಭವವೆಂದು ತೋರದು. 1807ರಲ್ಲಿ ಹೊರಬಂದ ಆತನು ತೋರಿಸಿದ ಹೊಡೆತಗಳನ್ನು ನೋಡಿ ಜನ ಚೆಂಡಿಗೆ ದೆವ್ವ ಹಿಡಿದಿದೆಯೆಂದು ಬೆರಗಾದರಂತೆ. 1827ರಲ್ಲಿ ಆತನು ತನ್ನ ಹೊಡೆತಗಳನ್ನು ಚಿತ್ರಗಳ ಸಮೇತ ಗ್ರಂಥವಾಗಿ ಪ್ರಕಟಿಸಿದನು.

ಚರ್ಮ ಚೆಂಡನ್ನು ಕ್ಷಣಮಾತ್ರ ಕಚ್ಚಿ ಹಿಡಿಯುತ್ತದೆ. ಆ ಕಚ್ಚುವಿಕೆಯನ್ನು ಬಲಪಡಿಸುವುದು ಕ್ಯೂ ತುದಿಗೆ ಹಚ್ಚುವ ಚಾಕ್ ಪುಡಿ. ಇಂಗ್ಲೆಂಡಿನ ಬಾತ್ ಪಟ್ಟಣದ ಬಿಲಿಯರ್ಡ್ಸ್ ಕೋಣೆಯೊಂದರಲ್ಲಿ ಅಂಕ ಗುರುತಿಸುವ ಕೆಲಸಕ್ಕಿದ್ದ ಜಾಕ್ ಕಾರ್ ಎಂಬವನು ಸೈಡಿನ ಗುಟ್ಟನ್ನು ಕರಗತಮಾಡಿಕೊಂಡು ನೋಡುವವರನ್ನು ಮರುಳುಮಾಡುತ್ತಿದ್ದನಲ್ಲದೆ, ಚಮತ್ಕಾರವೆಲ್ಲ ತನ್ನ ಪುಡಿಯಲ್ಲಿದೆಯೆಂದು ನಂಬಿಸಿ ಸಾಮಾನ್ಯ ಸೀಮೆಸುಣ್ಣವನ್ನೇ ಪುಟ್ಟ ಡಬ್ಬಿಗಳಲ್ಲಿ ತುಂಬಿ ಮಾರಿ ಹಣ ಮಾಡಿದನೆಂದು ಹಳೆಯ ಲೇಖಕರು ಹೇಳುವರು. ಅದು ಕಪಟವೇ ಸರಿ. ಆದರೆ ಪೂರ್ಣ ಸುಳ್ಳೆಂದು ನಾನು ಹೇಳಲಾರೆ, ಏಕೆಂದರೆ ಪುಡಿಯಿಲ್ಲದ ತುದಿ ಚೆಂಡಿನ ಬದಿಯಲ್ಲಿ ನಿಲ್ಲುವುದೇ ಇಲ್ಲ. 1897ರಲ್ಲಿ ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್, ರಸಾಯನಜ್ಞ ವಿಲಿಯಂ ಹಾಸ್ಕಿನ್ಸ್ ಇಬ್ಬರೂ ಸೇರಿ ಸಿಲಿಕಾ ಮತ್ತು ಅಲ್ಯುಮಿನಿಯಂ ಆಕ್ಸೈಡ್ ಬೆರೆಸಿದ ಗಟ್ಟಿ ಬಿಲ್ಲೆಗೆ ಪೇಟೆಂಟ್ ಪಡೆದರು. ಇಂದು ಮೇಜಿನಂಚಿನ ಮೇಲೆ ಕಾಣುವ ನೀಲಿಯ ಚೌಕ ಅದರ ಸಂತತಿಯೇ. ಚಾಕ್ ಎಂದು ಕರೆದರೂ ಅದರಲ್ಲಿ ಸೀಮೆಸುಣ್ಣದ ಪ್ರಾಧಾನ್ಯ ಉಳಿದಿಲ್ಲ. ಈ ನಡುವೆ ಮೇಜಿಗೆ ಸ್ಲೇಟುಕಲ್ಲಿನ ಹಾಸೂ, ಅಂಚಿಗೆ ಗಂಧಕದಿಂದ ಹದಗೊಳಿಸಿದ ರಬ್ಬರಿನ ಕುಶನ್ನೂ ಬಂದುವು. ಕುಶನ್ ನಂಬಿಕಸ್ತವಾಗದೆ ಸೈಡಿನ ಫಲವನ್ನು ಮುಂಗಂಡು ಹೇಳುವುದು ಸಾಧ್ಯವಿರಲಿಲ್ಲ.

ಬೆರಗನ್ನು ಗಣಿತವಾಗಿಸಿದವನು ಗಸ್ಪಾರ್ ಗುಸ್ತಾವ್ ಕೊರಿಯೊಲಿಸ್. ತಿರುಗುವ ಭೂಮಿಯ ಮೇಲೆ ಗಾಳಿ ಏಕೆ ಬಾಗಿ ಬೀಸುವುದೆಂಬುದನ್ನು ವಿವರಿಸುವಾಗ ನಮ್ಮ ಶಾಲೆಯ ಮಕ್ಕಳು ಉಚ್ಚರಿಸುವ ಹೆಸರೇ ಅದು. ಆತನು 1835ರಲ್ಲಿ ಬಿಲಿಯರ್ಡ್ಸ್ ಚೆಂಡಿನ ಚಲನೆಗಳನ್ನೇ ಕುರಿತು ಒಂದು ಗ್ರಂಥ ಬರೆದು, ಹೊಡೆತ ತಿಂದ ಚೆಂಡು ಬಟ್ಟೆಯ ಮೇಲೆ ಜಾರುತ್ತಿರುವಷ್ಟು ಕಾಲ ಪರವಲಯದಲ್ಲಿ ಸಾಗಿ, ಉರುಳತೊಡಗಿದ ಮೇಲೆ ಸರಳರೇಖೆಯನ್ನು ಹಿಡಿಯುವುದೆಂದು ಸಾಧಿಸಿ ತೋರಿಸಿದನು.

ಇನ್ನು ಮೇಜಿನ ಬಳಿಗೆ ಬರೋಣ. ಮೇಜಿನಾಚೆಯ ಬಲಮೂಲೆಯ ಪಾಕೆಟ್ಟಿನ ಸಮೀಪ ಒಂದು ಚೆಂಡಿದೆ. ಅದರ ಎಡಬದಿಗೆ ತಾಗಿಸಿ ಬಲಕ್ಕೆ ಕತ್ತರಿಸಿ ಬೀಳಿಸಬೇಕು. ತಾಗಿದ ಬಳಿಕ ಬಿಳಿಯ ಚೆಂಡು ಎಡಕ್ಕೆ ಓರೆಯಾಗಿ ಸಾಗಿ ಎದುರಿನ ಕುಶನ್ನಿಗೆ ಬಡಿಯುವುದು. ನಡುವಿಗೆ ಹೊಡೆದಿದ್ದರೆ ಅದು ಹೋದ ಕೋನದಲ್ಲೇ ಹೆಚ್ಚುಕಡಮೆ ಮರಳೀತು. ಎಡ ಸೈಡ್ ಕೊಟ್ಟಿದ್ದರೆ ಭ್ರಮಣ ಕುಶನ್ನನ್ನು ಹಿಡಿದು ಚೆಂಡನ್ನು ಇನ್ನೂ ಎಡಕ್ಕೆಳೆದು, ಕೋನವನ್ನು ಅಗಲಿಸಿ, ವೇಗವನ್ನೂ ಕಾಪಾಡೀತು. ಬಲ ಸೈಡ್ ಕೊಟ್ಟಿದ್ದರೆ ಕೋನ ಕಿರಿದಾಗಿ, ಓಟ ಕುಂದಿ, ಚೆಂಡು ಹತ್ತಿರದಲ್ಲೇ ಉಳಿದೀತು. ಸೈಡಿನ ಮುಖ್ಯ ಪ್ರಯೋಜನ ಇದೇ: ಬೀಳಿಸಿದ ಚೆಂಡಿಗಾಗಿ ಅಲ್ಲ, ಬೀಳಿಸಬೇಕಾದ ಮುಂದಿನ ಚೆಂಡಿಗಾಗಿ. ಬಟ್ಟೆಯ ಘರ್ಷಣೆಯಿಂದ ಚೆಂಡಿನ ಹಿಮ್ಮುಖ ಭ್ರಮಣ ಬೇಗ ಅಳಿದುಹೋದರೂ ಪಾರ್ಶ್ವಭ್ರಮಣ ದೂರದವರೆಗೆ ಉಳಿಯುವುದರಿಂದ, ಎರಡು ಮೂರು ಕುಶನ್ನುಗಳನ್ನು ದಾಟುವ ಹೊಡೆತಗಳಲ್ಲಿ ಅದರ ಉಪಕಾರ ದೊಡ್ಡದು. ಎರಡು ಚೆಂಡುಗಳು ತಾಗುವಾಗಿನ ಘರ್ಷಣೆ ಬೀಳಿಸಬೇಕಾದ ಚೆಂಡನ್ನು ದಾರಿ ತಪ್ಪಿಸುವುದುಂಟು. ಕತ್ತರಿಸುವ ದಿಕ್ಕಿಗೆ ಎದುರಾದ ಸೈಡನ್ನು ತುಸುವೇ ಕೊಟ್ಟರೆ ಆ ಎಳೆತವೂ ತಗ್ಗುವುದು.

ಆದರೆ ಈ ಉಪಕಾರಕ್ಕೆ ಬೆಲೆಯುಂಟು. ಎಡಕ್ಕೆ ಹೊಡೆದಾಗ ಬಿಳಿಯ ಚೆಂಡು ಗುರಿಗಿಂತ ಕೊಂಚ ಬಲಕ್ಕೆ ಚಿಮ್ಮುತ್ತದೆ. ಕ್ಯೂವಿನ ಹಿಂಬದಿ ಎತ್ತರದಲ್ಲಿದ್ದರೆ ಮುಂದೆ ಎಡಕ್ಕೆ ಬಾಗಿಯೂ ಬರುತ್ತದೆ. ಇವೆರಡರ ಒಟ್ಟು ಪರಿಣಾಮ ದೂರ, ವೇಗ, ಬಟ್ಟೆಗಳಿಗನುಗುಣವಾಗಿ ಬದಲಾಗುವುದರಿಂದ, ಗುರಿಯಿಡುವವನು ಕಣ್ಣಿಗೆ ಕಾಣುವ ಬಿಂದುವಿಗಲ್ಲದೆ ಎಣಿಕೆಯ ಬಿಂದುವಿಗೆ ಹೊಡೆಯಬೇಕಾಗುವುದು. 1990ರ ದಶಕದಿಂದೀಚೆಗೆ ಅಮೆರಿಕದಲ್ಲಿ ಕ್ಯೂವಿನ ಮುಂದುದಿಯನ್ನು ಹಗುರಗೊಳಿಸಿ ಈ ಚಿಮ್ಮುವಿಕೆಯನ್ನು ಕಡಮೆ ಮಾಡಿದರು. ಇಲ್ಲವಾಗಿಸಲು ಯಾರಿಂದಲೂ ಆಗಲಿಲ್ಲ. ನಡುವಿನಿಂದ ತ್ರಿಜ್ಯದ ಅರ್ಧಕ್ಕಿಂತ ಆಚೆ ಹೋದರಂತೂ ಎಷ್ಟು ಚಾಕ್ ಹಚ್ಚಿದರೂ ತುದಿ ಜಾರುವುದು.

ನಮ್ಮ ದಕ್ಷಿಣದ ನಂಟನ್ನೂ ಹೇಳದೆ ಹೋಗಲಾರೆ. 1875ರಲ್ಲಿ ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ ಹುಟ್ಟಿದ ಸ್ನೂಕರಿನ ನಿಯಮಗಳು 1882ರಲ್ಲಿ ಲಿಖಿತರೂಪ ತಾಳಿದ್ದು ಊಟಿಯ ಕ್ಲಬ್ಬಿನಲ್ಲಿ. ಅರವಿಂದ ಸವೂರರ ಗರಡಿಯಲ್ಲಿ ಪಳಗಿದ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನದಲ್ಲಿ ಸ್ನೂಕರಿನ, 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ವಿಶ್ವಪ್ರಶಸ್ತಿ ಪಡೆದರು. ಸ್ನೂಕರ್ ಮೇಜುಗಳ ಬಟ್ಟೆಗೆ ಒಂದೇ ದಿಕ್ಕಿಗೆ ಮಲಗಿದ ಸೂಕ್ಷ್ಮವಾದ ರೋಮವಿರುವುದರಿಂದ, ಸೈಡ್ ಹೊತ್ತ ನಿಧಾನದ ಚೆಂಡು ರೋಮದ ದಿಕ್ಕಿನಲ್ಲಿ ಹೋಗುವಾಗ ಒಂದು ಕಡೆಗೂ ಎದುರಾಗಿ ಬರುವಾಗ ಇನ್ನೊಂದು ಕಡೆಗೂ ಬಾಗುವುದು. ಪೂಲ್ ಮೇಜಿನ ನುಣುಪಾದ ಬಟ್ಟೆಯ ಮೇಲೆ ಈ ಜಂಜಾಟವಿಲ್ಲ.

ಆದ್ದರಿಂದ ನನ್ನ ತೀರ್ಮಾನವಿಷ್ಟು: ಹೊಡೆತದ ವೇಗವನ್ನು ಬದಲಿಸಿ, ಇಲ್ಲವೆ ಚೆಂಡಿನ ನಡುಗೆರೆಯ ಮೇಲೋ ಕೆಳಗೋ ಹೊಡೆದು ಬಿಳಿಯ ಚೆಂಡನ್ನು ಬೇಕಾದೆಡೆಗೆ ತರಬಹುದಾದರೆ ಸೈಡ್ ಬೇಡ, ದೂರದ ನೇರ ಹೊಡೆತಕ್ಕೆ ಬೇಡವೇ ಬೇಡ, ಕುಶನ್ನಿನಿಂದ ಬೇರೆ ಕೋನವಲ್ಲದೆ ಗತ್ಯಂತರವಿಲ್ಲವೆಂದಾಗ ಕೊಡಿ, ಅದೂ ಸಾಲುವಷ್ಟೇ. ಹೊಸದಾಗಿ ಕಲಿಯುವವರು ಮೊದಲು ಮೇಜಿನ ಮಧ್ಯರೇಖೆಯ ಮೇಲೆ ಬಿಳಿಯ ಚೆಂಡನ್ನಿಟ್ಟು, ಎದುರಿನ ಕುಶನ್ನಿಗೆ ನೇರವಾಗಿ ಹೊಡೆದು, ಕ್ಯೂವನ್ನು ಕದಲಿಸದೆ ಕಾಯಲಿ. ಚೆಂಡು ಮರಳಿ ಕ್ಯೂ ತುದಿಗೆ ಬಂದು ಮುಟ್ಟದೆ ಪಕ್ಕಕ್ಕೆ ಸರಿದರೆ, ತಾವು ಬಯಸದೆಯೇ ಸೈಡ್ ಕೊಡುತ್ತಿರುವೆವೆಂದು ತಿಳಿಯಲಿ. ಆ ತಪ್ಪು ನಿಂತ ಮೇಲೆ ಬಯಸಿ ಕೊಡುವುದನ್ನು ಅಭ್ಯಾಸಮಾಡಲಿ.